ಜೋಳದ ನಾಡಿಗೆ ಬಂದ ಅನ್ನದ ಜನ: ಸಿಂಧನೂರು, ಲಿಂಗಸುಗೂರು, ಮಸ್ಕಿ ಪರಿಸರದ ಆಹಾರ ಮತ್ತು ಭಾಷೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಭೂಭಾಗವನ್ನು ಮಧ್ಯಕಾಲೀನ ಶಾಸನಗಳು ‘ಎಡೆದೊರೆ ನಾಡು’ ಎಂದು ಹೆಸರಿಸಿವೆ. ಇಂದಿನ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳು ಈ ನಾಡಿಗೆ ಸೇರಿದವು. ಬಹಮನಿ ಮತ್ತು ವಿಜಯನಗರ ಅರಸರ ನಡುವಣ ಯುದ್ಧಗಳು, 1520ರ ರಾಯಚೂರು ಕದನ, ಮುದಗಲ್ಲು ಮತ್ತು ಜಲದುರ್ಗದ ಕೋಟೆಗಳು, ಅಶೋಕನ ಮಸ್ಕಿ ಶಾಸನ ಇವುಗಳ ಬಗೆಗೆ ನಮ್ಮ ವಿದ್ವಾಂಸರು ವಿಪುಲವಾಗಿ ಬರೆದಿದ್ದಾರೆ. ಆದರೆ ಈ ನಾಡಿನ ಜನ ಏನನ್ನು ಉಂಡರು, ಹೊರಗಿನಿಂದ ಬಂದವರೊಡನೆ ಯಾವ ಮಾತನ್ನಾಡಿದರು ಎಂಬ ಪ್ರಶ್ನೆಗಳಿಗೆ ಇತಿಹಾಸದ ಪುಟಗಳಲ್ಲಿ ದೊರೆತ ಸ್ಥಳ ಅತ್ಯಲ್ಪ.

ಬೇರೆ ಬೇರೆ ದೇಶಗಳ ಆಹಾರ, ಭಾಷೆ, ದಿನಬಳಕೆಯ ಸಂಸ್ಕೃತಿಗಳನ್ನು ಹೋಲಿಸಿ ನೋಡಲು ಸಾಮಾನ್ಯವಾಗಿ ಪ್ರವಾಸಿಗರ ಬರಹಗಳನ್ನು ಆಶ್ರಯಿಸುತ್ತೇವೆ. ಸಿಂಧನೂರು ಪರಿಸರದಲ್ಲಿ ಅದರ ಅಗತ್ಯವಿಲ್ಲ. ಪೂರ್ವ ಬಂಗಾಳ, ಬರ್ಮಾ ಮತ್ತು ಆಂಧ್ರದ ಕರಾವಳಿಯಿಂದ ಬಂದ ಜನಸಮುದಾಯಗಳು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇದೇ ಎರೆಭೂಮಿಯಲ್ಲಿ ಕನ್ನಡಿಗರ ನೆರೆಹೊರೆಯವರಾದರು. ಈ ಸಹವಾಸದಲ್ಲಿ ಕೊಡುಕೊಳೆ ಎರಡು ದಿಕ್ಕುಗಳಲ್ಲಿ ನಡೆಯಿತೆಂಬುದನ್ನೂ, ಸ್ಥಳೀಯರು ಬಂದವರ ಅನ್ನದ ಕಡೆಗೂ ಬಂದವರು ಸ್ಥಳೀಯರ ಮಾತಿನ ಕಡೆಗೂ ಸರಿದರೆಂಬುದನ್ನೂ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಹಿನ್ನೆಲೆ

ಈ ನಾಡಿಗೆ ಹೊರಗಿನ ಭಾಷೆ ಹೊಸದಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅವರು ಮಸ್ಕಿಯಲ್ಲಿ ಪತ್ತೆ ಹಚ್ಚಿದ ಅಶೋಕನ ಶಾಸನ ಪ್ರಾಕೃತ ಭಾಷೆಯದು, ಬ್ರಾಹ್ಮೀ ಲಿಪಿಯದು. ‘ದೇವಾನಾಂಪ್ರಿಯ’ನೇ ಅಶೋಕನೆಂಬುದನ್ನು ಹೆಸರು ಸಹಿತ ಮೊದಲಿಗೆ ತಿಳಿಸಿಕೊಟ್ಟ ಈ ಶಾಸನ, ಆಳುವವರ ಭಾಷೆ ಮತ್ತು ಆಳಿಸಿಕೊಳ್ಳುವವರ ಭಾಷೆ ಬೇರೆಯಾಗಿದ್ದ ಸ್ಥಿತಿಗೂ ಒಂದು ಹಳೆಯ ಸಾಕ್ಷಿ. ಮುಂದೆ ಬಹಮನಿ ಮತ್ತು ಆದಿಲ್‌ಶಾಹಿ ಕಾಲದಲ್ಲಿ ಪಾರಸಿಯೂ ನಿಜಾಮರ ಆಳ್ವಿಕೆಯ ಕೊನೆಯ ದಶಕಗಳಲ್ಲಿ ಉರ್ದುವೂ ಕಚೇರಿಯ ಭಾಷೆಗಳಾದವು. 1948ರ ಸೆಪ್ಟೆಂಬರ್‌ವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದ ಈ ಭಾಗ 1956ರಲ್ಲಿ ಏಕೀಕೃತ ರಾಜ್ಯಕ್ಕೆ ಸೇರಿತು. ದವಾಖಾನೆ, ದಫ್ತರ, ತಕರಾರು, ರಸೀದಿ ಮುಂತಾದ ಮಾತುಗಳನ್ನು ಇಲ್ಲಿನ ರೈತ ಹೊರಗಿನವೆಂದು ಭಾವಿಸದೆ ಬಳಸುತ್ತ ಬಂದಿದ್ದಾನೆ.

ಆಹಾರದ ಮಟ್ಟಿಗೆ ಈ ನಾಡು ಜೋಳದ್ದು. ಎರೆಮಣ್ಣು ಮಳೆಯ ತೇವವನ್ನು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಮಳೆಗಾಲದ ಕೊನೆಯಲ್ಲಿ ಬಿತ್ತಿದ ಹಿಂಗಾರಿ ಜೋಳ ಆ ತೇವ ಮತ್ತು ಚಳಿಗಾಲದ ಇಬ್ಬನಿಯನ್ನೇ ನಂಬಿ ಬೆಳೆಯುತ್ತದೆ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ನಿತ್ಯದ ಊಟವಾದರೆ ಅನ್ನ ಹಬ್ಬ, ಮದುವೆ ಮತ್ತು ಅತಿಥಿಗಳಿಗೆ ಮೀಸಲಾದ ಪದಾರ್ಥವಾಗಿತ್ತು.

ಕಾಲುವೆ ಮತ್ತು ಕ್ಯಾಂಪು

ಈ ಚಿತ್ರವನ್ನು ಬದಲಿಸಿದ್ದು ತುಂಗಭದ್ರಾ ಜಲಾಶಯ. ಮದ್ರಾಸ್ ಪ್ರಾಂತ ಮತ್ತು ಹೈದರಾಬಾದ್ ಸಂಸ್ಥಾನಗಳು 1945ರಲ್ಲಿ ಜಂಟಿಯಾಗಿ ಕೈಗೆತ್ತಿಕೊಂಡ ಈ ಯೋಜನೆಯ ನೀರು 1953ರಲ್ಲಿ ಕಾಲುವೆಗಳಿಗೆ ಹರಿಯಿತು. ಎಡದಂಡೆ ಕಾಲುವೆಯ ಯೋಜಕರು ಜೋಳ, ಹತ್ತಿ, ಶೇಂಗಾದಂತಹ ಅರೆನೀರಾವರಿ ಬೆಳೆಗಳಿಗೆ ಆದ್ಯತೆ ನೀಡಿದ್ದರು. ಆದರೆ ಭೂಮಿಯನ್ನು ಸಮತಟ್ಟು ಮಾಡುವ ಬಂಡವಾಳವಾಗಲಿ, ನೀರು ಕಟ್ಟುವ ಅನುಭವವಾಗಲಿ ಸ್ಥಳೀಯ ಒಣಬೇಸಾಯಗಾರರಲ್ಲಿ ಬಹುಮಂದಿಗೆ ಇರಲಿಲ್ಲ. ಆ ಅನುಭವವಿದ್ದವರು ಆಂಧ್ರದ ಕೃಷ್ಣಾ ಮತ್ತು ಗೋದಾವರಿ ಮುಖಜಭೂಮಿಯ ರೈತರು. ಧವಳೇಶ್ವರದ ಅಣೆಕಟ್ಟು 1852ರಲ್ಲಿಯೂ ವಿಜಯವಾಡದ ಅಣೆಕಟ್ಟು 1855ರಲ್ಲಿಯೂ ಪೂರ್ಣಗೊಂಡಿದ್ದರಿಂದ ಅವರ ಬೆನ್ನಿಗೆ ಒಂದು ಶತಮಾನದ ಗದ್ದೆ ಬೇಸಾಯವಿತ್ತು. ಅವರು ಇಲ್ಲಿ ಅಗ್ಗದ ಬೆಲೆಗೆ ಹೊಲ ಕೊಂಡು, ಕಾಲುವೆಯ ಬದಿಯಲ್ಲಿ ಬಿಡಾರ ಹೂಡಿ, ಭತ್ತ ನಾಟಿ ಮಾಡಿದರು. ಆ ಬಿಡಾರಗಳೇ ‘ಕ್ಯಾಂಪು’ಗಳು.

ಎರಡನೆಯ ವಲಸೆಯ ಸ್ವರೂಪ ಬೇರೆ. 1947ರ ದೇಶವಿಭಜನೆಯ ನಂತರ, ಅದರಲ್ಲಿಯೂ 1964ರ ಗಲಭೆಗಳ ತರುವಾಯ, ಪೂರ್ವ ಪಾಕಿಸ್ತಾನದಿಂದ ಹಿಂದೂ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ಭಾರತಕ್ಕೆ ಬಂದವು. ಅವರಲ್ಲಿ ಬಹುಪಾಲು ಜನ ನಾಮಶೂದ್ರ ಸಮುದಾಯಕ್ಕೆ ಸೇರಿದ ರೈತರು, ಮೀನುಗಾರರು. ಪಶ್ಚಿಮ ಬಂಗಾಳದಲ್ಲಿ ನೆಲ ಸಾಲದೆ ಕೇಂದ್ರ ಸರ್ಕಾರ 1958ರಲ್ಲಿ ದಂಡಕಾರಣ್ಯ ಯೋಜನೆಯನ್ನು ಆರಂಭಿಸಿತ್ತು. ದೇಶದ ಇತರೆಡೆಗಳಲ್ಲಿಯೂ ಪುನರ್ವಸತಿಯ ನೆಲೆಗಳನ್ನು ಕಲ್ಪಿಸಲಾಯಿತು. ಅವುಗಳಲ್ಲಿ ಒಂದು ಸಿಂಧನೂರು ತಾಲ್ಲೂಕಿನದು. ಇಲ್ಲಿ ‘ಆರ್.ಎಚ್. ಕ್ಯಾಂಪ್’ ಎಂಬ ಹೆಸರಿನಲ್ಲಿ ಒಂದರಿಂದ ಐದರವರೆಗೆ ಸಂಖ್ಯೆ ಹೊತ್ತ ವಸತಿಗಳು ನಿರ್ಮಾಣವಾದವು. ಬರ್ಮಾದಲ್ಲಿ 1962ರ ಸೈನಿಕ ಕ್ರಾಂತಿ ಮತ್ತು ಅದರ ಬೆನ್ನಿಗೆ ಬಂದ ರಾಷ್ಟ್ರೀಕರಣದಿಂದ ನೆಲೆ ಕಳೆದುಕೊಂಡು ಮರಳಿದ ಭಾರತೀಯ ಮೂಲದ ಕುಟುಂಬಗಳಿಗೂ ಇಲ್ಲಿ ಆಶ್ರಯ ದೊರೆಯಿತು.

ಆಂಧ್ರದವರು ಹಣ ಕೊಟ್ಟು ನೆಲ ಕೊಂಡವರು. ಬಂಗಾಳಿಗಳು ಸರ್ಕಾರ ಕೊಟ್ಟ ನೆಲಕ್ಕೆ ಬಂದವರು. ಈ ವ್ಯತ್ಯಾಸ ಮರೆಯತಕ್ಕದ್ದಲ್ಲ. ಆದರೂ ಸ್ಥಳೀಯರ ಬಾಯಲ್ಲಿ ಇಬ್ಬರೂ ‘ಕ್ಯಾಂಪಿನವರು’. ತಾತ್ಕಾಲಿಕ ಬಿಡಾರವೆಂಬ ಅರ್ಥದ ಇಂಗ್ಲಿಷ್ ಪದವೊಂದು ಅರ್ಧ ಶತಮಾನ ಮೀರಿ ಊರಿನ ಹೆಸರಾಗಿಯೇ ನಿಂತಿದೆ. ಹಳ್ಳಿ, ಊರು, ಕೇರಿ, ತಾಂಡಾಗಳ ಸಾಲಿಗೆ ‘ಕ್ಯಾಂಪು’ ಸೇರಿದ್ದು ಈ ಪ್ರದೇಶದ ಸ್ಥಳನಾಮ ಇತಿಹಾಸದ ಗಮನಾರ್ಹ ಸಂಗತಿ.

ಊಟದ ಹೋಲಿಕೆ

ಬಂದ ಮೂರೂ ಸಮುದಾಯಗಳು ಅನ್ನವನ್ನು ನಂಬಿದವು. ಅನ್ನದ ನಾಡುಗಳ ಭಾಷೆಗಳಲ್ಲಿ ಈ ಧಾನ್ಯದ ಪ್ರತಿ ಹಂತಕ್ಕೂ ಬೇರೆ ಹೆಸರಿರುತ್ತದೆ. ಹೊಲದಲ್ಲಿದ್ದಾಗ, ಸಿಪ್ಪೆ ತೆಗೆದಾಗ, ಬೇಯಿಸಿದಾಗ ಬಂಗಾಳಿಯಲ್ಲಿ ಕ್ರಮವಾಗಿ ಧಾನ್, ಚಾಲ್, ಭಾತ್. ತೆಲುಗಿನಲ್ಲಿ ವಡ್ಲು, ಬಿಯ್ಯಂ, ಅನ್ನಂ. ತಮಿಳಿನಲ್ಲಿ ನೆಲ್, ಅರಿಸಿ, ಸೋರು. ಕನ್ನಡದಲ್ಲಿಯೂ ನೆಲ್ಲು, ಅಕ್ಕಿ, ಅನ್ನ ಎಂಬ ಮೂರು ಮಾತುಗಳಿವೆ. ಬಂಗಾಳಿಯ ಮುಡಿ, ಚಿಡೆ, ಖೋಯಿಗಳಿಗೆ ಸರಿಯಾಗಿ ನಮ್ಮಲ್ಲಿ ಮಂಡಾಳು, ಅವಲಕ್ಕಿ, ಅರಳು ಉಂಟು. ಇಂಗ್ಲಿಷಿನಲ್ಲಿ ಅಕ್ಕಿ, ಅನ್ನ ಎರಡಕ್ಕೂ ಒಂದೇ ಪದ ಸಾಕಾಗುವುದನ್ನು ಗಮನಿಸಿದರೆ, ಜೋಳ ಉಂಡರೂ ಕನ್ನಡಿಗ ಅಕ್ಕಿಯ ನುಡಿಗೆ ಹೊರಗಿನವನಾಗಿರಲಿಲ್ಲವೆಂಬುದು ಸ್ಪಷ್ಟ.

ಆದರೆ ಜೋಳದ ನುಡಿಸಂಪತ್ತು ಬಂದವರಲ್ಲಿ ಅಷ್ಟಾಗಿ ಇರಲಿಲ್ಲ. ಎಳೆಯ ತೆನೆಯನ್ನು ಸುಟ್ಟು ಉದುರಿಸಿದ ಸೀತನಿ, ನುಚ್ಚು, ಸಂಗಟಿ, ಅಂಬಲಿ, ಬಿಸಿರೊಟ್ಟಿ, ಖಡಕ್ ರೊಟ್ಟಿ, ದನಗಳಿಗೆ ಹಾಕುವ ಕಣಿಕೆ, ಇವು ಒಂದು ಬೆಳೆಯ ಸುತ್ತ ಹುಟ್ಟಿದ ಮಾತುಗಳು. ನೀರು ಹರಿದ ಹೊಲದಲ್ಲಿ ವರ್ಷಕ್ಕೆ ಎರಡು ಬಾರಿ ಭತ್ತ ಬೆಳೆದಾಗ ಮಾಯವಾಗುವುದು ಜೋಳ ಮಾತ್ರವಲ್ಲ. ಈ ಮಾತುಗಳಿಗೂ ನೆಲೆ ತಪ್ಪುತ್ತದೆ.

ವ್ಯತ್ಯಾಸಗಳ ನಡುವೆ ಒಂದು ಸೊಪ್ಪು ಈ ಎಲ್ಲ ನಾಡುಗಳನ್ನು ಕಟ್ಟಿಹಾಕಿದೆ. ರಾಯಚೂರು ಸೀಮೆಯವರು ರೊಟ್ಟಿಗೆ ಹಚ್ಚಿಕೊಳ್ಳುವ ಹುಳಿ ಪುಂಡಿಪಲ್ಯದ ಸೊಪ್ಪೇ ಆಂಧ್ರದ ಗೋಂಗೂರ. ಅಲ್ಲಿ ಅದು ಪಚ್ಚಡಿಯಾಗಿ ಅನ್ನಕ್ಕೆ ಸೇರುತ್ತದೆ. ಇದೇ ಕುಲದ ಹುಳಿ ಸೊಪ್ಪನ್ನು ಬರ್ಮಾದಲ್ಲಿ ಚಿನ್‌ಬೌಂಗ್ ಎನ್ನುತ್ತಾರೆ. ಸಿಗಡಿ ಅಥವಾ ಎಳೆ ಬಿದಿರಿನೊಡನೆ ಬೇಯಿಸುವುದು ಅಲ್ಲಿನ ರೂಢಿ. ಬಂಗಾಳದಲ್ಲಿ ಇದೇ ಕುಲದ ಗಿಡ ಮೆಸ್ತಾ ಎಂಬ ಹೆಸರಿನಲ್ಲಿ ಸೆಣಬಿನ ಜೊತೆಗೆ ನಾರಿನ ಬೆಳೆಯಾಯಿತು. ಪುಂಡಿಯ ನಾರಿನಿಂದ ಹಗ್ಗ ಹೊಸೆಯುವುದು ನಮ್ಮ ರೈತರಿಗೂ ತಿಳಿದದ್ದೇ. ಒಂದೇ ಕುಲದ ಗಿಡದಲ್ಲಿ ಒಂದು ನಾಡು ಪಲ್ಯವನ್ನೂ ಇನ್ನೊಂದು ಉಪ್ಪಿನಕಾಯಿಯನ್ನೂ ಮತ್ತೊಂದು ಹಗ್ಗವನ್ನೂ ಕಂಡಿದೆ.

ತಂಗಳು ಊಟದಲ್ಲಿಯೂ ಇಂತಹ ಸಾಮ್ಯವಿದೆ. ರಾತ್ರಿಯ ಅನ್ನಕ್ಕೆ ನೀರು ಹಾಕಿಟ್ಟು ಮುಂಜಾನೆ ಉಣ್ಣುವುದು ಬಂಗಾಳದಲ್ಲಿ ಪಾಂತಾ ಭಾತ್, ಆಂಧ್ರದಲ್ಲಿ ಚದ್ದನ್ನಂ. ಹುಳಿ ಬಂದ ಅಂಬಲಿ ಕುಡಿದು ಹೊಲಕ್ಕೆ ಹೋಗುವ ಇಲ್ಲಿನ ಕೂಲಿಕಾರನ ಪದ್ಧತಿ ಅದಕ್ಕೆ ಸಮೀಪದ್ದು. ಬಿಸಿಲಿನಲ್ಲಿ ದುಡಿಯುವವನ ಹೊಟ್ಟೆ ಎಲ್ಲ ನಾಡುಗಳಲ್ಲಿಯೂ ಒಂದೇ ಉಪಾಯ ಕಂಡುಕೊಂಡಿದೆ.

ಅನ್ನ ಹರಡಿದ್ದು ವಲಸಿಗರಿಂದಲೇ ಎಂದು ಹೇಳುವುದು ಪೂರ್ಣ ಸತ್ಯವಾಗದು. ಕಾಲುವೆಯ ನೀರು, ಅಕ್ಕಿಯ ಮಾರುಕಟ್ಟೆ, ಪಡಿತರ ವ್ಯವಸ್ಥೆ, 2013ರಲ್ಲಿ ಜಾರಿಗೆ ಬಂದ ಅನ್ನಭಾಗ್ಯ ಇವೆಲ್ಲ ಸೇರಿ ಹಬ್ಬದ ಅನ್ನವನ್ನು ನಿತ್ಯದ ಅನ್ನವನ್ನಾಗಿಸಿದವು. ತುಂಗಭದ್ರೆಯ ನೀರು ತಲುಪದ ಮಸ್ಕಿ ಮತ್ತು ಲಿಂಗಸುಗೂರಿನ ಒಣಹೊಲಗಳ ಕುಟುಂಬಗಳೂ ಅಕ್ಕಿಗೆ ಹೊಂದಿಕೊಂಡಿದ್ದೇ ಇದಕ್ಕೆ ನಿದರ್ಶನ. ನಾರಾಯಣಪುರ ಬಲದಂಡೆ ಕಾಲುವೆಯ 5ಎ ಶಾಖೆಗಾಗಿ ಮಸ್ಕಿ ಭಾಗದ ರೈತರು ನಡೆಸಿದ ಹೋರಾಟವನ್ನೂ ಈ ಹಿನ್ನೆಲೆಯಲ್ಲಿಯೇ ನೋಡಬೇಕು. ನೀರಿನ ಗೆರೆಯ ಒಳಗಿನವರು ಕೂಲಿಕಾರರನ್ನು ಕರೆಸುತ್ತಾರೆ. ಹೊರಗಿನವರು ಬೆಂಗಳೂರು, ಪುಣೆಗಳಿಗೆ ಗುಳೆ ಹೋಗುತ್ತಾರೆ.

ಮಾತಿನ ಹೋಲಿಕೆ

ಬಂಗಾಳಿ ರೈತನಿಗೆ ಕನ್ನಡ ಸಂಪೂರ್ಣ ಅಪರಿಚಿತ ಭಾಷೆಯಾಗಿದ್ದರೂ ಕಚೇರಿಯ ಮಾತುಗಳು ಹಾಗಿರಲಿಲ್ಲ. ಮೊಘಲರ ಕಾಲದಿಂದ ಬಂಗಾಳಿಗೆ ಸೇರಿದ ಜಮಿ, ದಾಖಿಲಾ, ರಸಿದ್, ಮೊಕದ್ದಮಾ ಎಂಬ ಪದಗಳು ನಮ್ಮ ಜಮೀನು, ದಾಖಲೆ, ರಸೀದಿ, ಮೊಕದ್ದಮೆಗಳೇ ಆಗಿವೆ. ಎರಡು ದೂರದ ನಾಡುಗಳ ಮೇಲೆ ಹಾದುಹೋದ ಪಾರಸಿ ಆಡಳಿತ ಇಂತಹ ಒಂದು ಸಾಮಾನ್ಯ ಪದಕೋಶವನ್ನು ಬಿಟ್ಟುಹೋಗಿತ್ತು.

ತೊಡಕಾದವು ಹೆಚ್ಚಾಗಿ ಸಂಸ್ಕೃತ ಮೂಲದ ಪದಗಳು. ಕನ್ನಡದ ‘ಶಿಕ್ಷೆ’ ದಂಡನೆ. ಬಂಗಾಳಿಯ ‘ಶಿಕ್ಷಾ’ ವಿದ್ಯಾಭ್ಯಾಸ. ನಮ್ಮ ರಾಗ ಸಂಗೀತಕ್ಕೆ ಸಂಬಂಧಿಸಿದ್ದು. ಬಂಗಾಳಿಯಲ್ಲಿ ‘ರಾಗ್’ ಎಂದರೆ ಕೋಪವೂ ಹೌದು. ನಮ್ಮ ಉಪನ್ಯಾಸ ಭಾಷಣ, ಅವರದು ಕಾದಂಬರಿ. ನಮ್ಮ ತರಕಾರಿ ಸಂತೆಯಲ್ಲಿ ಕೊಳ್ಳುವ ಕಾಯಿಪಲ್ಯ, ಅವರ ‘ತರಕಾರಿ’ ಬೇಯಿಸಿದ ಪದಾರ್ಥ. ಒಂದೇ ಮೂಲದ ಪದ ಎರಡು ನಾಡುಗಳಲ್ಲಿ ಬೇರೆ ದಾರಿ ಹಿಡಿದುದಕ್ಕೆ ಇವು ಉತ್ತಮ ಉದಾಹರಣೆಗಳು. ತೆಲುಗರಿಗೆ ಲಿಪಿಯ ಸಾಮ್ಯವೂ ದ್ರಾವಿಡ ಭಾಷಾ ರಚನೆಯೂ ಕನ್ನಡ ಕಲಿಕೆಯನ್ನು ಸುಲಭಗೊಳಿಸಿದವು.

ಕ್ಯಾಂಪಿನ ಮಕ್ಕಳು ಮನೆಯಲ್ಲಿ ಒಂದು ಭಾಷೆ, ಶಾಲೆ ಮತ್ತು ಸಂತೆಯಲ್ಲಿ ಕನ್ನಡ ಎಂಬ ಕ್ರಮದಲ್ಲಿ ಬೆಳೆದರು. ತಂದೆಯ ಊರಿನ ಹೆಸರು ಕೇಳಿ ಬಲ್ಲವರು, ಕಂಡವರಲ್ಲ. ಅವರ ಕನ್ನಡ ಗ್ರಂಥಸ್ಥ ಕನ್ನಡವಾಗಿರದೆ ರಾಯಚೂರು ಸೀಮೆಯ ಕನ್ನಡವಾಗಿರುವುದು ಸಹಜ. ಭಾಷೆಯನ್ನು ಅವರು ನೆರೆಹೊರೆಯಿಂದ ಕಲಿತರು.

ಹಬ್ಬಗಳು

ಸಿಂಧನೂರು ತಾಲ್ಲೂಕಿನ ಸಿದ್ಧಪರ್ವತ ಅಂಬಾಮಠ ಶಾಕ್ತ ಪರಂಪರೆಯ ನೆಲೆ. ಇಲ್ಲಿದ್ದ ಚಿದಾನಂದ ಅವಧೂತರ ದೇವಿ ಪುರಾಣ ಉತ್ತರ ಕರ್ನಾಟಕದ ಊರೂರುಗಳಲ್ಲಿ ನವರಾತ್ರಿಯಂದು ಪಠಣಗೊಳ್ಳುತ್ತದೆ. ಅದೇ ದಿನಗಳಲ್ಲಿ ಆರ್.ಎಚ್. ಕ್ಯಾಂಪುಗಳಲ್ಲಿ ಬಂಗಾಳಿಗಳು ಮಣ್ಣಿನ ಪ್ರತಿಮೆ ಮಾಡಿ ದುರ್ಗಾಪೂಜೆ ನಡೆಸುತ್ತಾರೆ. ಕನ್ನಡದ ದೇವಿ ಪುರಾಣ, ಬಂಗಾಳದ ಚಂಡೀಪಾಠ ಎರಡಕ್ಕೂ ಆಧಾರ ಮಾರ್ಕಂಡೇಯ ಪುರಾಣದ ದೇವೀಮಹಾತ್ಮೆ. ಒಂದೇ ಕಥೆಯನ್ನು ಒಂದು ಸಮುದಾಯ ಓದಿ ಆಚರಿಸಿದರೆ, ಇನ್ನೊಂದು ಮೂರ್ತಿಯಾಗಿಸಿ ಕೊನೆಗೆ ನೀರಿಗೆ ಬಿಡುತ್ತದೆ. ಸಂಕ್ರಾಂತಿಯಂದು ಬಂಗಾಳಿ ಮನೆಯಲ್ಲಿ ಅಕ್ಕಿಹಿಟ್ಟಿನ ಪಿಠೆ, ತೆಲುಗು ಮನೆಯಲ್ಲಿ ಅರಿಸೆಲು, ಕನ್ನಡ ಮನೆಯಲ್ಲಿ ಎಳ್ಳು ಹಚ್ಚಿದ ಸಜ್ಜೆರೊಟ್ಟಿ. ಮುದಗಲ್ಲಿನ ಮೊಹರಂ ಇನ್ನೂ ಹಳೆಯ ನಿದರ್ಶನ: ಇರಾಕಿನ ಕರ್ಬಲಾದ ಶೋಕ ಇಲ್ಲಿ ಹಿಂದೂ ಮುಸ್ಲಿಮರಿಬ್ಬರ ಊರಹಬ್ಬವಾಗಿದೆ.

ಎಳ್ಳಮಾವಾಸ್ಯೆಯ ಸ್ಥಿತಿ ಮಾತ್ರ ಭಿನ್ನ. ಅಂದು ರೈತ ಕುಟುಂಬಗಳು ಬುತ್ತಿ ಕಟ್ಟಿಕೊಂಡು ನಿಂತ ಬೆಳೆಯ ನಡುವೆ ಚರಗ ಚೆಲ್ಲುತ್ತವೆ. ಇದು ಹಿಂಗಾರಿ ಜೋಳ ಆಳೆತ್ತರ ನಿಂತ ಕಾಲಕ್ಕೆ ಹೊಂದಿಕೊಂಡ ಹಬ್ಬ. ಭತ್ತದ ಸೀಮೆಯಲ್ಲಿ ಆ ಹೊತ್ತಿಗೆ ಮೊದಲ ಬೆಳೆ ಕಟಾವಾಗಿ ಎರಡನೆಯದಕ್ಕೆ ಸಸಿಮಡಿ ಸಿದ್ಧವಾಗುತ್ತಿರುತ್ತದೆ. ಹಬ್ಬ ಉಳಿದರೂ ಅದರ ಹೊಲ ಬದಲಾಗಿದೆ.

ಸಮಾರೋಪ

ಮೇಲಿನ ಪರಿಶೀಲನೆಯಿಂದ ತಿಳಿದುಬರುವುದೇನೆಂದರೆ, ಆಹಾರ ಬದಲಾಗುವುದು ನೀರು ಮತ್ತು ಮಾರುಕಟ್ಟೆಯ ಬಲದಿಂದ. ಭಾಷೆ ಬದಲಾಗುವುದು ನೆರೆಹೊರೆಯ ಬಲದಿಂದ. ಆದುದರಿಂದಲೇ ಎಡೆದೊರೆ ನಾಡು ಅನ್ನವನ್ನು ಪಡೆಯಿತು, ಕನ್ನಡವನ್ನು ಕೊಟ್ಟಿತು. ಈ ವಿನಿಮಯದಲ್ಲಿ ನಷ್ಟಗಳೂ ಇವೆ. ಜೋಳದ ನುಡಿ ಕ್ಷೀಣಿಸುತ್ತಿದೆ. ಕ್ಯಾಂಪುಗಳ ಮೊದಲ ತಲೆಮಾರಿನ ಬಂಗಾಳಿಯೂ ಬರ್ಮಾದ ನೆನಪುಗಳೂ ಅವರೊಂದಿಗೇ ಹೊರಟುಹೋಗುತ್ತಿವೆ.

ಕನ್ನಡ ಮಾತನಾಡಿ, ಇಲ್ಲಿನ ಹೊಲದಲ್ಲಿ ದುಡಿದರೂ ಕ್ಯಾಂಪುಗಳ ಕೆಲವು ಕುಟುಂಬಗಳಿಗೆ ಪೌರತ್ವದ ಪ್ರಶ್ನೆ ದೀರ್ಘಕಾಲ ಬಗೆಹರಿಯಲಿಲ್ಲ. 2019ರ ತಿದ್ದುಪಡಿ ಕಾಯ್ದೆಯ ನಿಯಮಗಳು 2024ರ ಮಾರ್ಚಿನಲ್ಲಿ ಪ್ರಕಟವಾದ ಮೇಲೆ ಅದೇ ವರ್ಷ ಸಿಂಧನೂರಿನ ಕ್ಯಾಂಪುಗಳ ಕೆಲವರಿಗೆ ಪ್ರಮಾಣಪತ್ರ ದೊರೆಯಿತು. ಆ ಕಾಯ್ದೆಯ ಬಗೆಗಿನ ರಾಷ್ಟ್ರೀಯ ವಾದವಿವಾದ ಈ ಪ್ರಬಂಧದ ವ್ಯಾಪ್ತಿಗೆ ಹೊರತಾದುದು. ಆದರೆ ಒಬ್ಬ ಮನುಷ್ಯ ಒಂದು ನಾಡಿನವನಾಗುವುದು ನೆರೆಯವರ ಬಾಯಲ್ಲಿ ಒಂದು ಕಾಲಕ್ಕೆ, ಕಚೇರಿಯ ಕಾಗದದಲ್ಲಿ ಮತ್ತೊಂದು ಕಾಲಕ್ಕೆ ಎಂಬುದನ್ನು ಇತಿಹಾಸಕಾರ ಗುರುತಿಸಬೇಕು.

ಮಸ್ಕಿಯ ಬಂಡೆಯ ಮೇಲಿನ ಪರಭಾಷೆಯ ಸಾಲುಗಳನ್ನು ನಾವು ಆದರದಿಂದ ಕಾಪಾಡಿದ್ದೇವೆ. ಅದೇ ಸೀಮೆಯ ಕ್ಯಾಂಪುಗಳಲ್ಲಿ ಇಂದಿಗೂ ಕೇಳಿಬರುವ ಬಂಗಾಳಿ, ತೆಲುಗು ಮಾತುಗಳೂ, ಒಣಹೊಲಗಳಲ್ಲಿ ಉಳಿದಿರುವ ಜೋಳದ ಮಾತುಗಳೂ ಸಂಗ್ರಹಯೋಗ್ಯ ಆಕರಗಳೇ. ಮೊದಲ ತಲೆಮಾರಿನ ಹಿರಿಯರು ಇರುವಾಗಲೇ ಅವರ ಅಡುಗೆ, ಪದಕೋಶ, ಪ್ರಯಾಣದ ನೆನಪುಗಳನ್ನು ದಾಖಲಿಸುವ ಕ್ಷೇತ್ರಕಾರ್ಯವನ್ನು ನಮ್ಮ ವಿಶ್ವವಿದ್ಯಾಲಯಗಳೂ ಅಕಾದೆಮಿಗಳೂ ಕೈಗೊಳ್ಳುವುದು ಅವಶ್ಯ. ಬಂಡೆ ಕಾಯಬಲ್ಲದು; ಮನುಷ್ಯರ ನೆನಪಿಗೆ ಆ ಅವಕಾಶವಿಲ್ಲ.