ಅದಿರಿನ ಲೆಕ್ಕ, ಆಳಿನ ಲೆಕ್ಕ

ಸಂಡೂರಿನ ಬೆಟ್ಟಗಳಿಗೆ ಯಂತ್ರಗಳು ಬರುವ ಮುನ್ನ, ಅಲ್ಲಿನ ಅದಿರನ್ನು ಹೆಂಗಸರೂ ಗಂಡಸರೂ ಸುತ್ತಿಗೆಯಿಂದ ಒಡೆದು, ಬುಟ್ಟಿಯಲ್ಲಿ ಹೊತ್ತು ರಾಶಿ ಹಾಕುತ್ತಿದ್ದರು. ಯಂತ್ರಗಳು ಬಂದ ಮೇಲೂ ಈ ಕೆಲಸ ಪೂರ್ತಿ ನಿಲ್ಲಲಿಲ್ಲ. ಕೂಲಿ ಬಹುಮಟ್ಟಿಗೆ ರಾಶಿಯ ಅಳತೆಯ ಮೇಲೆ. ಆದುದರಿಂದ ಅದಿರಿಗೆ ಲೆಕ್ಕವಿತ್ತು, ಆಳಿಗೆ ಅಷ್ಟಾಗಿ ಇರಲಿಲ್ಲ. (‘ಆಳು’ ಎಂಬ ಒಂದೇ ಮಾತು ನಮ್ಮ ನುಡಿಯಲ್ಲಿ ದೊರೆತನಕ್ಕೂ ದುಡಿಮೆಗೂ ಸಲ್ಲುವುದೊಂದು ವಿಚಿತ್ರ!)

ಕಾಯಿದೆಗಳು ಇರಲಿಲ್ಲವೆಂದಲ್ಲ. ದುಡಿಯುವವರೆಲ್ಲರ ಹೆಸರನ್ನು ದಾಖಲೆಯಲ್ಲಿ ಬರೆದಿಡತಕ್ಕದ್ದೆಂದು 1952ರ ಗಣಿ ಕಾಯಿದೆ ವಿಧಿಸಿತು. 1961ರ ಕಾಯಿದೆಯೊಂದು ಕಾರ್ಮಿಕರ ಕ್ಷೇಮಕ್ಕಾಗಿ ಕಬ್ಬಿಣದ ಅದಿರಿನ ಮೇಲೆ ಕರ ಹಾಕಿತು. 1976ರಲ್ಲಿ ಮ್ಯಾಂಗನೀಸನ್ನೂ ಸೇರಿಸಿಕೊಂಡರು. ಔಷಧೋಪಚಾರ, ವಸತಿ, ಮಕ್ಕಳ ಓದು ಇದರಿಂದ ನಡೆಯಬೇಕಾಗಿತ್ತು. 2016ರಲ್ಲಿ ಆ ಕರವೇ ರದ್ದಾಯಿತು.

ಅದಕ್ಕೆ ಮೊದಲೇ, 2011ರ ಜುಲೈ 29ರಂದು, ಸುಪ್ರೀಂ ಕೋರ್ಟು ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತ್ತು. ಅಕ್ರಮ ಗಣಿಗಾರಿಕೆ ಬೆಟ್ಟಗಳನ್ನೇ ನುಂಗುತ್ತಿದ್ದಾಗ ಆ ಆಜ್ಞೆ ಬೇಕಾಗಿಯೇ ಇತ್ತು. ಆದರೆ ಕಳ್ಳ ಅದಿರಿನೊಡನೆ ನಿರಪರಾಧಿಯ ಕೂಲಿಯೂ ನಿಂತಿತು. ಹೊಸಪೇಟೆಯ ಲಾರಿಗಳು ನಿಂತಲ್ಲೇ ನಿಂತವು. 2013ರಲ್ಲಿ ನ್ಯಾಯಾಲಯವು ತೀರ ಅಕ್ರಮವೆಸಗಿದವರ ಗುತ್ತಿಗೆಗಳನ್ನು ರದ್ದು ಮಾಡಿ, ಉಳಿದವಕ್ಕೆ ಷರತ್ತು ಹಾಕಿ ದಾರಿ ತೆರೆಯಿತು. ಅದಿರು ಮಾರಿದ ಹಣದಲ್ಲಿ ಒಂದು ಪಾಲು ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಮೀಸಲಾಯಿತು. ಸಾವಿರಾರು ಕೋಟಿ ರೂಪಾಯಿ ಸೇರಿತು.

ಕೆಲಸ ಕಳೆದುಕೊಂಡವರೂ ಗಣಿಬಾಧಿತರಲ್ಲವೆ ಎಂಬುದು ಕಾರ್ಮಿಕ ಸಂಘಗಳ ಪ್ರಶ್ನೆ. ಮಣ್ಣಿಗೂ ಮರಕ್ಕೂ ರಸ್ತೆಗೂ ಪಾಲುಂಟಾದರೆ ಇವರಿಗೂ ಇರಲಿ ಎನ್ನುತ್ತಾರೆ. ಈ ವಾದ ನನಗೆ ನ್ಯಾಯವೆನ್ನಿಸುತ್ತದೆ. ಆದರೆ ದುಡಿದುದಕ್ಕೆ ದಾಖಲೆ ತೋರಿಸಬೇಕು. ಗುತ್ತಿಗೆದಾರನ ಕೈಕೆಳಗೆ ಇಪ್ಪತ್ತು ವರ್ಷ ಅದಿರು ಒಡೆದವಳ ಬಳಿ ಸುತ್ತಿಗೆಯುಂಟು, ಚೀಟಿಯಿಲ್ಲ.