ಹೆಂಗಸಿಗೆ ಬಾಗಿಲು, ನಾಯಿಗೆ ಬೀಗ

1853ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯ ಹೆನ್ರಿ ಫಿಟ್ಜ್‌ರಾಯ್ ಒಂದು ಮಸೂದೆ ತಂದರು. ಹೆಂಡತಿ ಮಕ್ಕಳನ್ನು ಬಡಿದು ಗಾಯಗೊಳಿಸುವ ಗಂಡಸರನ್ನು ಆರು ತಿಂಗಳವರೆಗೆ ಜೈಲಿಗೆ ಕಳಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇರಲಿ ಎಂಬುದು ಅದರ ತಿರುಳು. ಅವರ ವಾದ ಸರಳವಾಗಿತ್ತು: ಈ ದೇಶದ ಕಾನೂನು ಪೂಡಲ್ ನಾಯಿಗೂ ಕತ್ತೆಗೂ ಕೊಟ್ಟಿರುವಷ್ಟು ರಕ್ಷಣೆಯನ್ನಾದರೂ ಹೆಂಗಸರಿಗೆ ಕೊಡೋಣ. ಇದು ಸಭೆಯನ್ನು ನಗಿಸಲು ಆಡಿದ ಮಾತಲ್ಲ, ಕಾನೂನು ಪುಸ್ತಕ ತೆರೆದರೆ ಕಾಣುತ್ತಿದ್ದ ಸಂಗತಿ. ದನ, ಕುದುರೆ, ಕುರಿಗಳನ್ನು ಹಿಂಸಿಸುವುದು 1822ರಲ್ಲೇ ಅಪರಾಧವಾಗಿತ್ತು. 1835ರಲ್ಲಿ ಆ ಪಟ್ಟಿಗೆ ನಾಯಿಯೂ ಸೇರಿತ್ತು. ಹೆಂಡತಿಯ ಸರದಿ ಬಂದದ್ದು ಆಮೇಲೆ.

ಮನೆಯೊಳಗೆ ಪೆಟ್ಟು ತಿನ್ನುವ ಹೆಂಗಸು ಮತ್ತು ಅದೇ ಮನೆಯಲ್ಲಿ ಒದೆ ತಿನ್ನುವ ನಾಯಿ, ಇವರಿಬ್ಬರ ಪರವಾಗಿ ದನಿಯೆತ್ತಿದವರು ಬಹಳ ಕಾಲ ಒಬ್ಬರೇ ಆಗಿದ್ದರು. ಫ್ರಾನ್ಸಿಸ್ ಪವರ್ ಕಾಬ್ ಎಂಬ ಐರಿಷ್ ಮೂಲದ ಬರಹಗಾರ್ತಿಯನ್ನೇ ನೋಡಿ. 1867ರಲ್ಲಿ ಕಳೆದುಹೋದ ನಾಯಿಯೊಂದು ತನ್ನ ಕತೆ ತಾನೇ ಹೇಳಿಕೊಳ್ಳುವಂಥ ಪುಸ್ತಕ ಬರೆದವರು ಈಕೆ. 1875ರಲ್ಲಿ ಜೀವಂತ ಪ್ರಾಣಿಗಳನ್ನು ಕೊಯ್ದು ಮಾಡುವ ಪ್ರಯೋಗಗಳ ವಿರುದ್ಧ ಲಂಡನ್ನಿನಲ್ಲಿ ಸಂಘ ಕಟ್ಟಿದರು. ಮೂರೇ ವರ್ಷದ ನಂತರ ಇಂಗ್ಲೆಂಡಿನ ಹೆಂಡತಿಯರು ಅನುಭವಿಸುವ ಚಿತ್ರಹಿಂಸೆಯ ಬಗ್ಗೆ ಪತ್ರಿಕೆಯೊಂದರಲ್ಲಿ ದೀರ್ಘ ಲೇಖನ ಬರೆದರು. ಬೂಟುಗಾಲಿನಲ್ಲಿ ಒದೆಯುವುದು ಮಾಮೂಲಾಗಿದ್ದ ಲಿವರ್‌ಪೂಲಿನ ಬಡಾವಣೆಗಳ ವಿಷಯವನ್ನೂ ಅದರಲ್ಲಿ ಮುಚ್ಚುಮರೆಯಿಲ್ಲದೆ ಇಟ್ಟಿದ್ದರು. ಅದೇ 1878ರಲ್ಲಿ, ಘೋರ ಹಲ್ಲೆಗಾಗಿ ಶಿಕ್ಷೆಯಾದ ಗಂಡನಿಂದ ಹೆಂಡತಿ ಬೇರೆಯಾಗಿ ಜೀವನಾಂಶ ಪಡೆಯುವ ಕಾನೂನು ಬಂತು. ನಾಯಿಯ ಕತೆ ಬರೆದ ಲೇಖನಿಯೇ ಹೆಂಡತಿಯ ಕತೆಯನ್ನೂ ಬರೆದಿತ್ತು ಎಂಬುದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ.

ಅಮೆರಿಕದಲ್ಲೂ ಹೀಗೆಯೇ. ನ್ಯೂಯಾರ್ಕಿನ ಹೆನ್ರಿ ಬರ್ಗ್ 1866ರಲ್ಲಿ ಆ ದೇಶದ ಮೊದಲ ಪ್ರಾಣಿದಯಾ ಸಂಘ ಸ್ಥಾಪಿಸಿದರು. 1874ರಲ್ಲಿ ಎಟ್ಟಾ ವೀಲರ್ ಎಂಬ ಸಮಾಜಸೇವಕಿ ಅವರಲ್ಲಿಗೆ ಬಂದು, ಮೇರಿ ಎಲೆನ್ ಎಂಬ ಹತ್ತು ವರ್ಷದ ಹುಡುಗಿಯನ್ನು ಸಾಕುತಾಯಿ ದಿನವೂ ಬಡಿಯುತ್ತಿದ್ದಾಳೆ, ಬಿಡಿಸಲು ಯಾರೂ ಇಲ್ಲ ಎಂದರು. ಕಾನೂನಿನಲ್ಲಿ ಮಗುವಿಗೆ ರಕ್ಷಣೆಯೇ ಇರಲಿಲ್ಲ, ಹಾಗಾಗಿ ಬರ್ಗ್ ಆಕೆಯನ್ನು ‘ಪ್ರಾಣಿ’ ಎಂದು ವಾದಿಸಿ ಬಿಡಿಸಿದರು ಎಂಬ ಕತೆ ಇಂದಿಗೂ ಓಡಾಡುತ್ತಿದೆ. ಕತೆ ಚೆನ್ನಾಗಿದೆ, ಆದರೆ ನಿಜವಲ್ಲ. ಸಂಘದ ವಕೀಲ ಎಲ್‌ಬ್ರಿಜ್ ಗೆರಿ, ಅಕ್ರಮ ಬಂಧನದಲ್ಲಿರುವ ಮನುಷ್ಯರನ್ನು ಬಿಡಿಸುವ ಹಳೆಯ ರಿಟ್ ಒಂದನ್ನು ಹುಡುಕಿ ತೆಗೆದು ಹುಡುಗಿಯನ್ನು ನ್ಯಾಯಾಲಯಕ್ಕೆ ಕರೆತರಿಸಿದರು. ಸಾಕುತಾಯಿಗೆ ಒಂದು ವರ್ಷ ಸೆರೆಯಾಯಿತು. 1875ರ ಹೊತ್ತಿಗೆ ಮಕ್ಕಳಿಗಾಗಿಯೇ ಪ್ರತ್ಯೇಕ ಸಂಘ ನ್ಯೂಯಾರ್ಕಿನಲ್ಲಿ ನೋಂದಣಿಯಾಯಿತು. ಆ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ಎಷ್ಟೋ ಊರುಗಳ ದಯಾಸಂಘಗಳು ಬೆಳಿಗ್ಗೆ ಹುಣ್ಣುಬಿದ್ದ ಕುದುರೆಯ ದೂರು ಕೇಳಿ, ಮಧ್ಯಾಹ್ನ ಕುಡುಕನ ಮನೆಯ ಮಕ್ಕಳನ್ನು ನೋಡಿಬರುತ್ತಿದ್ದವು.

ಇಪ್ಪತ್ತನೇ ಶತಮಾನ ಈ ಕೂಡುಕುಟುಂಬವನ್ನು ಒಡೆಯಿತು. ಮಕ್ಕಳ ರಕ್ಷಣೆ ಸರ್ಕಾರದ ಸಮಾಜ ಕಲ್ಯಾಣ ಇಲಾಖೆಗಳಿಗೆ ಹೋಯಿತು. ಪ್ರಾಣಿಗಳು ದಾನಿಗಳ ಹಣದಲ್ಲಿ ನಡೆಯುವ ಸಂಘಗಳ ಪಾಲಾದವು. ಹೊಡೆತ ತಿನ್ನುವ ಹೆಂಡತಿ ಯಾರ ಪಾಲಿಗೂ ಬರಲಿಲ್ಲ. ಅವಳದು ‘ಮನೆ ಜಗಳ’.

ಅವಳಿಗೊಂದು ಬಾಗಿಲು ತೆರೆದದ್ದು 1970ರ ದಶಕದಲ್ಲಿ. 1971ರಲ್ಲಿ ಎರಿನ್ ಪಿಜ್ಜಿ ಲಂಡನ್ನಿನ ಚಿಸ್‌ವಿಕ್‌ನಲ್ಲಿ ತೆರೆದ ಮನೆ ಜಗತ್ತಿನ ಗಮನ ಸೆಳೆಯಿತು. ಅಮೆರಿಕದ ಮಿನೆಸೋಟಾ ರಾಜ್ಯದ ಸೇಂಟ್ ಪಾಲ್ ನಗರದಲ್ಲಿ ಫೋನಿನ ಮೂಲಕ ಸಲಹೆ ಕೊಡುತ್ತಿದ್ದ ಹೆಂಗಸರ ಗುಂಪೊಂದು 1974ರಲ್ಲಿ ಮನೆಯೊಂದನ್ನು ಕೊಂಡು ಆಶ್ರಯಧಾಮ ಮಾಡಿತು. ಇವೆಲ್ಲ ಕೈಸಾಲದ, ಚಂದಾ ಹಣದ ಸಾಹಸಗಳು. ಒಂದು ಕೋಣೆಗೆ ಎರಡು ಮೂರು ಕುಟುಂಬ, ಒಂದೇ ಅಡುಗೆಮನೆ, ಗುಟ್ಟಾಗಿಡಬೇಕಾದ ವಿಳಾಸ. ಅಂಥ ಕಡೆ ಬೊಗಳುವ ನಾಯಿಗೆ ಎಲ್ಲಿಯ ಜಾಗ? ಒಬ್ಬರ ಮಗುವಿಗೆ ಬೆಕ್ಕಿನ ಕೂದಲಾಗದು, ಇನ್ನೊಬ್ಬರಿಗೆ ನಾಯಿಯೆಂದರೆ ನಡುಕ. ಕಚ್ಚಿದರೆ ಹೊಣೆ ಯಾರು ಎಂದು ವಿಮಾ ಕಂಪನಿ ಕೇಳುತ್ತಿತ್ತು. ‘ಪ್ರಾಣಿಗಳಿಗೆ ಪ್ರವೇಶವಿಲ್ಲ’ ಎಂಬ ನಿಯಮ ಯಾರ ಕಟುಕತನದಿಂದಲೂ ಹುಟ್ಟಲಿಲ್ಲ, ಇಕ್ಕಟ್ಟಿನಿಂದ ಹುಟ್ಟಿತು. 1984ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಈ ಮನೆಗಳಿಗೆ ಹಣ ಕೊಡತೊಡಗಿದಾಗ, 1994ರಲ್ಲಿ ಮಹಿಳಾ ದೌರ್ಜನ್ಯ ತಡೆ ಕಾಯ್ದೆ ಬಂದು ಅನುದಾನ ಹೆಚ್ಚಿದಾಗ, ಇಕ್ಕಟ್ಟು ತುಸು ಕಡಿಮೆಯಾಯಿತು. ನಿಯಮ ಮಾತ್ರ ಗೋಡೆಯ ಮೇಲೆಯೇ ಉಳಿಯಿತು.

ಬಾಗಿಲವರೆಗೆ ಬಂದು ತಿರುಗಿಹೋದವರ ಲೆಕ್ಕವನ್ನು ಆಗ ಯಾರೂ ಇಟ್ಟಿರಲಿಲ್ಲ. ಆ ಕೆಲಸಕ್ಕೆ ಕೈಹಾಕಿದವರಲ್ಲಿ ಮುಖ್ಯರು ಯೂಟಾ ಸ್ಟೇಟ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಫ್ರಾಂಕ್ ಅಸಿಯೋನ್. 1997ರಲ್ಲಿ ಅವರೂ ಸಂಗಡಿಗರೂ ರಾಜ್ಯಕ್ಕೊಂದರಂತೆ ಆಶ್ರಯಧಾಮಗಳನ್ನು ಆರಿಸಿ ಪ್ರಶ್ನೆಗಳನ್ನು ಕಳಿಸಿದರು. ಇಲ್ಲಿಗೆ ಬರುವ ಹೆಂಗಸರು ಪ್ರಾಣಿಹಿಂಸೆಯ ಮಾತೆತ್ತುತ್ತಾರೆ ಎಂದು ಶೇ. 85ರಷ್ಟು ಧಾಮಗಳು ಹೇಳಿದವು. ಹಾಗಾದರೆ ಸೇರಿಸಿಕೊಳ್ಳುವಾಗ ನೀವಾಗಿ ಆ ಬಗ್ಗೆ ವಿಚಾರಿಸುತ್ತೀರಾ ಎಂಬ ಪ್ರಶ್ನೆಗೆ ಹೌದೆಂದವು ಶೇ. 27 ಮಾತ್ರ. ಮರುವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಯೂಟಾದ ಧಾಮವೊಂದರ 38 ಹೆಂಗಸರನ್ನು ಮಾತನಾಡಿಸಿದ್ದರು. ಸಾಕುಪ್ರಾಣಿ ಇದ್ದವರಲ್ಲಿ ಶೇ. 71ರಷ್ಟು ಜನ, ಗಂಡ ಅಥವಾ ಸಂಗಾತಿ ಪ್ರಾಣಿಯನ್ನು ಕೊಲ್ಲುವ ಬೆದರಿಕೆ ಹಾಕಿದ್ದ, ಇಲ್ಲವೇ ನಿಜಕ್ಕೂ ಗಾಯಗೊಳಿಸಿದ್ದ ಅಥವಾ ಕೊಂದಿದ್ದ ಎಂದರು. ಪ್ರಾಣಿಯ ಚಿಂತೆಯಿಂದಲೇ ಮನೆ ಬಿಡುವುದು ತಡವಾಯಿತು ಎಂದವರು ಸುಮಾರು ಶೇ. 18. ಮೂವತ್ತೆಂಟು ಜನರ ಮಾತಿನಿಂದ ದೇಶವನ್ನು ಅಳೆಯಲಾಗದು ಎಂದು ಸಂಶಯ ಪಟ್ಟವರಿಗೆ 2007ರ ದೊಡ್ಡ ಅಧ್ಯಯನ ಉತ್ತರ ಕೊಟ್ಟಿತು: ಸಂಗಾತಿ ಪ್ರಾಣಿಯನ್ನು ಗಾಯಗೊಳಿಸಿದ್ದ ಅಥವಾ ಕೊಂದಿದ್ದ ಎಂದು ಆಶ್ರಯಧಾಮದ ಹೆಂಗಸರಲ್ಲಿ ಶೇ. 54 ಜನ ಹೇಳಿದರೆ, ಹಿಂಸೆಯಿಲ್ಲದ ಮನೆಯ ಹೆಂಗಸರಲ್ಲಿ ಹಾಗೆ ಹೇಳಿದವರು ಶೇ. 5.

ಇದರ ಒಳಲೆಕ್ಕ ಯಾರಿಗಾದರೂ ತಿಳಿಯುವಂಥದು. ಹೆಂಡತಿಯ ಮೈಮೇಲೆ ಬಾಸುಂಡೆ ಬಂದರೆ ಪೊಲೀಸರು ಕೇಳುತ್ತಾರೆ. ಬೆಕ್ಕು ‘ಕಾಣೆಯಾದರೆ’ ಕೇಳುವವರಿಲ್ಲ. ನೀನು ಹೊರಟರೆ ಇದರ ಗತಿ ನೋಡು ಎಂದು ಗದರಿಸಲು ಮನೆಯಲ್ಲಿ ಒಂದು ಜೀವವಿದ್ದರೆ ಸಾಕು, ಕೈಯೆತ್ತಬೇಕಾಗಿಯೂ ಇಲ್ಲ. ಇದನ್ನೆಲ್ಲ ಅರಿತಿದ್ದ ಅಸಿಯೋನ್ 2000ದಲ್ಲಿ ಪ್ರಾಣಿಗಳಿಗೆ ಸುರಕ್ಷಿತ ತಾಣ ಒದಗಿಸುವುದು ಹೇಗೆಂದು ಆಶ್ರಯಧಾಮಗಳಿಗಾಗಿಯೇ ಕೈಪಿಡಿ ಬರೆದರು. ಆಗ ಕಣ್ಣೆದುರಿಗಿದ್ದ ದಾರಿ ಒಂದೇ: ಹೆಂಗಸು ಒಂದು ಕಡೆ, ನಾಯಿ ಇನ್ನೊಂದು ಕಡೆ. ಊರಿನ ಪ್ರಾಣಿ ಸಂಘದ ಗೂಡಿನಲ್ಲೋ, ಪಶುವೈದ್ಯರ ಆಸ್ಪತ್ರೆಯಲ್ಲೋ, ಹೆಸರು ಹೇಳದ ಸ್ವಯಂಸೇವಕರ ಮನೆಯಲ್ಲೋ ಅದನ್ನು ಇಡುವುದು. ಬ್ರಿಟನ್ನಿನ ಡಾಗ್ಸ್ ಟ್ರಸ್ಟ್ 2004ರಿಂದ ನಡೆಸುತ್ತಿರುವ ಫ್ರೀಡಂ ಪ್ರಾಜೆಕ್ಟ್ ಈ ಬಗೆಯದು. ನಾಯಿ ಯಾರ ಮನೆಯಲ್ಲಿದೆ ಎಂಬುದನ್ನು ಒಡತಿಗೂ ತಿಳಿಸುವುದಿಲ್ಲ. ಹೊಡೆದವನು ಬಾಯಿ ಬಿಡಿಸಿದರೂ ಅವಳಿಂದ ವಿಳಾಸ ಹೊರಬೀಳಬಾರದಲ್ಲ.

ಅಮೆರಿಕದ ಕಾನೂನು ಕಣ್ಣು ಬಿಟ್ಟದ್ದು ಬೇರೊಂದು ದುರಂತದ ನಂತರ. 2005ರ ಆಗಸ್ಟಿನಲ್ಲಿ ಕತ್ರಿನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದಾಗ ರಕ್ಷಣಾ ಬಸ್ಸುಗಳು ಪ್ರಾಣಿಗಳನ್ನು ಹತ್ತಿಸಿಕೊಳ್ಳಲಿಲ್ಲ. ಸೂಪರ್‌ಡೋಮ್ ಕ್ರೀಡಾಂಗಣದ ಬಳಿ ಬಸ್ಸು ಹತ್ತುತ್ತಿದ್ದ ಬಾಲಕನೊಬ್ಬನ ಕೈಯಿಂದ ‘ಸ್ನೋಬಾಲ್’ ಎಂಬ ಪುಟ್ಟ ಬಿಳಿ ನಾಯಿಯನ್ನು ಪೊಲೀಸರು ಕಿತ್ತುಕೊಂಡ ಸುದ್ದಿ ದೇಶವನ್ನೇ ಕದಡಿತು. ನಾಯಿ ಬಿಟ್ಟು ಬರಲಾರೆವೆಂದು ನೀರಿನ ನಡುವೆಯೇ ಉಳಿದವರೂ ಬಹಳ. 2006ರ ಅಕ್ಟೋಬರಿನಲ್ಲಿ, ರಾಜ್ಯಗಳ ವಿಪತ್ತು ಯೋಜನೆಗಳು ಸಾಕುಪ್ರಾಣಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬ ಕೇಂದ್ರ ಕಾನೂನು ಬಂತು. ಅದೇ ವರ್ಷ ಮೇನ್ ರಾಜ್ಯ, ಕೌಟುಂಬಿಕ ದೌರ್ಜನ್ಯದ ರಕ್ಷಣಾ ಆದೇಶದಲ್ಲಿ ಸಾಕುಪ್ರಾಣಿಯನ್ನೂ ಸೇರಿಸಬಹುದು ಎಂದು ಮೊದಲಿಗೆ ಕಾನೂನು ಮಾಡಿತು. ವರ್ಮಾಂಟ್ ಮತ್ತು ನ್ಯೂಯಾರ್ಕ್ ಬೆನ್ನಿಗೇ ಬಂದವು. ಪ್ರವಾಹದಲ್ಲಿ ಜನ ಏಕೆ ಕದಲಲಿಲ್ಲ ಎಂದು ಕೇಳಿದ ದೇಶ, ಪೆಟ್ಟು ತಿನ್ನುವ ಮನೆಯಿಂದ ಹೆಂಗಸರು ಏಕೆ ಕದಲುವುದಿಲ್ಲ ಎಂದೂ ಕೇಳಲು ಕಲಿಯುತ್ತಿತ್ತು.

ಕೇಳಿದ್ದಾಯಿತು, ಇನ್ನು ಗೋಡೆ ಕಟ್ಟಬೇಕಲ್ಲ. ಮಿಷಿಗನ್ನಿನ ಮಾಜಿ ಸರ್ಕಾರಿ ವಕೀಲೆ ಆಲಿ ಫಿಲಿಪ್ಸ್, ಆಶ್ರಯಧಾಮಗಳ ಆವರಣದಲ್ಲೇ ಪ್ರಾಣಿಗಳನ್ನು ಇಟ್ಟುಕೊಳ್ಳುವ ಕಾರ್ಯಕ್ರಮವೊಂದನ್ನು 2008ರಲ್ಲಿ ಶುರುಮಾಡಿದರು. ಆದರೆ ಈ ಚಿಂತನೆಗೆ ಮುಖ ಕೊಟ್ಟದ್ದು ಕ್ಯಾನ್ಸಾಸ್ ಸಿಟಿಯ ಹ್ಯಾಂಕ್ ಎಂಬ ಗ್ರೇಟ್ ಡೇನ್ ನಾಯಿ. ಮನೆಯೊಡತಿಗೆ ಸುತ್ತಿಗೆಯ ಏಟು ಬೀಳುತ್ತಿದ್ದಾಗ ಹ್ಯಾಂಕ್ ಅವಳ ಮೇಲೆ ಅಡ್ಡ ಮಲಗಿ ಹೆಚ್ಚಿನ ಪೆಟ್ಟುಗಳನ್ನು ತಾನೇ ತಿಂದಿತು. ಹೊಡೆಯುತ್ತಿದ್ದವನು ಇಬ್ಬರನ್ನೂ ಮೇಲ್ಮಹಡಿಯ ಕಿಟಕಿಯಿಂದ ಹೊರಗೆಸೆದ. ರೋಸ್ ಬ್ರೂಕ್ಸ್ ಸೆಂಟರ್ ಎಂಬ ಆಶ್ರಯಧಾಮ ಆಕೆಗೆ ಜಾಗ ಕೊಟ್ಟಿತು. ಎಲುಬು ಮುರಿದಿದ್ದ ನಾಯಿಗೆ ನಿಯಮದಂತೆ ಜಾಗವಿರಲಿಲ್ಲ. ಜೀವ ಉಳಿಸಿದವನನ್ನು ಬಿಟ್ಟು ಒಳಗೆ ಬರಲಾರೆ ಎಂದಳು ಆಕೆ. ಧಾಮದವರು ನಿಯಮವನ್ನು ಬದಿಗಿಟ್ಟರು. ಅಷ್ಟಕ್ಕೇ ಬಿಡದೆ ದೇಣಿಗೆ ಕೂಡಿಸಿ, 2012ರಲ್ಲಿ ತಮ್ಮ ಆವರಣದಲ್ಲೇ ಪ್ರಾಣಿಗಳ ವಸತಿ ಕಟ್ಟಿದರು.

ಇಲ್ಲಿಂದ ಮುಂದಿನ ಇತಿಹಾಸವೆಲ್ಲ ಹಣದ ಇತಿಹಾಸ. ನಾಯಿಗೊಂದು ಮೂಲೆ ಎಂದರೆ ಅಗ್ಗದ ಮಾತೆನಿಸುತ್ತದೆ. ಲೆಕ್ಕ ಹಾಕುವವರಿಗೆ ಗೊತ್ತು: ತೊಳೆಯಬಲ್ಲ ನೆಲ, ಕೂದಲು ವಾಸನೆ ಇತರ ಕೋಣೆಗೆ ಹೋಗದಂತೆ ಬೇರೆ ಗಾಳಿ ವ್ಯವಸ್ಥೆ, ಶಬ್ದ ತಡೆಯುವ ಗೋಡೆ, ಹೊರಗಿನ ಬೀದಿಗೆ ಕಾಣದಂತೆ ಬೇಲಿ ಹಾಕಿದ ಅಂಗಳ, ಲಸಿಕೆ, ಚಿಕಿತ್ಸೆ, ವಿಮೆ. ಮಹಿಳಾ ಸಂತ್ರಸ್ತರ ಹೆಸರಿನಲ್ಲಿ ಬಂದ ಹಣದಲ್ಲಿ ನಾಯಿಗೆ ಗೂಡು ಕಟ್ಟಿಸಬಹುದೇ ಎಂದು ಲೆಕ್ಕಪರಿಶೋಧಕ ಕೇಳಿದರೆ ಏನು ಹೇಳುವುದು? ಪ್ರಾಣಿಗಳ ಹೆಸರಿನಲ್ಲಿ ಬಂದ ದೇಣಿಗೆಯಿಂದ ಹೆಂಗಸರ ಧಾಮದ ಗೋಡೆ ಒಡೆಸಿ ಕಟ್ಟಿಸಬಹುದೇ? ಕಾಬ್ ಅವರ ಕಾಲದಲ್ಲಿ ಒಂದೇ ಇದ್ದ ಚೀಲ ಈಗ ಎರಡಾಗಿತ್ತು.

ಆ ಎರಡು ಚೀಲಗಳ ಬಾಯಿ ಕೂಡಿಸಿದವರಲ್ಲಿ ರೆಡ್‌ರೋವರ್ ಎಂಬ ಪ್ರಾಣಿಸೇವಾ ಸಂಸ್ಥೆ ಎದ್ದು ಕಾಣುತ್ತದೆ. ಆಶ್ರಯಧಾಮಗಳು ಪ್ರಾಣಿಗಳಿಗೆ ಜಾಗ ಮಾಡಿಕೊಳ್ಳಲೆಂದೇ ಅದು 2012ರಿಂದ ಅನುದಾನ ಕೊಡುತ್ತ ಬಂತು. ನ್ಯೂಯಾರ್ಕಿನ ಅರ್ಬನ್ ರಿಸೋರ್ಸ್ ಇನ್‌ಸ್ಟಿಟ್ಯೂಟ್ 2013ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಪ್ರಾಣಿ ಆವರಣದ ಗೂಡಿನಲ್ಲಲ್ಲ, ಕುಟುಂಬದ ಕೋಣೆಯಲ್ಲೇ ಇರಲಿ ಎಂದಿತು. ಮೊದಲು ಬೆಕ್ಕು ಮತ್ತಿತರ ಸಣ್ಣ ಪ್ರಾಣಿಗಳು, ಆಮೇಲೆ ನಾಯಿಗಳು. 2018ರಲ್ಲಿ ಬ್ರೂಕ್ಲಿನ್‌ನಲ್ಲಿ ಇದಕ್ಕೆಂದೇ 30 ಮನೆಗಳ ಕಟ್ಟಡ ತೆರೆಯಿತು. ಅದಕ್ಕೆ ನೆರವಾದ ಕಂಪನಿ ಪುರಿನಾ, ಅಂದರೆ ನೆಸ್ಲೆಯ ಸಾಕುಪ್ರಾಣಿ ಆಹಾರದ ವಿಭಾಗ. 2019ರಲ್ಲಿ ಪುರಿನಾ ಮತ್ತು ರೆಡ್‌ರೋವರ್ ಸೇರಿ ‘ಪರ್ಪಲ್ ಲೀಶ್’ ಎಂಬ ಯೋಜನೆ ಆರಂಭಿಸಿದವು. ಆಗ ದೇಶದ ಆಶ್ರಯಧಾಮಗಳಲ್ಲಿ ಪ್ರಾಣಿಗಳಿಗೆ ಬಾಗಿಲು ತೆರೆದವು ನೂರಕ್ಕೆ ಹತ್ತೂ ಇರಲಿಲ್ಲ. 2025ರ ಹೊತ್ತಿಗೆ ನೂರಕ್ಕೆ ಇಪ್ಪತ್ತೈದಾಗಲಿ ಎಂಬುದು ಗುರಿಯಾಗಿತ್ತು. ನಾಯಿ ತಿಂಡಿ ಮಾರುವವರ ದಯೆಯಲ್ಲಿ ವ್ಯಾಪಾರದ ಪಾಲು ಎಷ್ಟು ಎಂದು ಕೇಳುವುದು ತಪ್ಪಲ್ಲ. ಆದರೆ ಸರ್ಕಾರಗಳು ಕಡತ ತಿರುವುತ್ತಿದ್ದಾಗ ಗೋಡೆ ಎದ್ದದ್ದು ಈ ಹಣದಿಂದ ಎಂಬುದನ್ನೂ ಅಲ್ಲಗಳೆಯಲಾಗದು.

ಸರ್ಕಾರದ ಕಡತ 2014ರಲ್ಲಿ ತೆರೆದಿತ್ತು. ಡೆಮಾಕ್ರಟಿಕ್ ಪಕ್ಷದ ಕ್ಯಾಥರಿನ್ ಕ್ಲಾರ್ಕ್, ರಿಪಬ್ಲಿಕನ್ ಪಕ್ಷದ ಇಲಿಯಾನಾ ರಾಸ್-ಲೇಟಿನೆನ್ ಜಂಟಿಯಾಗಿ ತಂದ ಮಸೂದೆ ಎರಡು ಸಲ ಬಿದ್ದುಹೋಗಿ, ಮೂರನೆಯ ಯತ್ನದಲ್ಲಿ 2018ರ ಡಿಸೆಂಬರಿನಲ್ಲಿ ಕಾನೂನಾಯಿತು. ಅದೂ ಸ್ವತಂತ್ರವಾಗಿ ಅಲ್ಲ, ಕೃಷಿ ಮಸೂದೆಯ ಒಂದು ಕಲಮಾಗಿ. ಜೋಳ, ಸೋಯಾ, ಬೆಳೆವಿಮೆಗಳ ನಡುವೆ ಪೆಟ್ಟು ತಿಂದ ಹೆಂಗಸಿನ ನಾಯಿ. ಸಾಕುಪ್ರಾಣಿಗೆ ಬೆದರಿಕೆ ಹಾಕುವುದೂ ಕೇಂದ್ರದ ಹಿಂಬಾಲಿಕೆ ತಡೆ ಕಾನೂನಿನ ವ್ಯಾಪ್ತಿಗೆ ಬಂತು. ಪಶುವೈದ್ಯರ ಬಿಲ್ಲನ್ನು ಅಪರಾಧಿಯಿಂದ ವಸೂಲು ಮಾಡಲು ಅವಕಾಶವಾಯಿತು. ಪ್ರಾಣಿಸಹಿತ ಆಶ್ರಯಕ್ಕೂ ತಾತ್ಕಾಲಿಕ ವಸತಿಗೂ ವರ್ಷಕ್ಕೆ 30 ಲಕ್ಷ ಡಾಲರ್‌ವರೆಗೆ ಅನುದಾನ ಕೊಡಬಹುದು ಎಂದಾಯಿತು. 50 ರಾಜ್ಯಗಳಿಗೆ ಸಮನಾಗಿ ಹಂಚಿದರೆ ತಲಾ 60,000 ಡಾಲರ್. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎನ್ನುವುದು ಇದಕ್ಕೇ.

ಬೇಡಿಕೆ ಎಷ್ಟಿದೆ ಎಂಬುದು 2021ರಲ್ಲಿ ಅರ್ಬನ್ ರಿಸೋರ್ಸ್ ಇನ್‌ಸ್ಟಿಟ್ಯೂಟ್ ಮತ್ತು ಕೌಟುಂಬಿಕ ದೌರ್ಜನ್ಯದ ರಾಷ್ಟ್ರೀಯ ಸಹಾಯವಾಣಿ ಸೇರಿ ನಡೆಸಿದ ಸಮೀಕ್ಷೆಯಿಂದ ತಿಳಿಯಿತು. ಆಶ್ರಯ ಕೋರುವಾಗ ಪ್ರಾಣಿ ಜೊತೆಗಿರುವುದು ಮುಖ್ಯ ಎಂದವರು ಶೇ. 97. ಪ್ರಾಣಿಯನ್ನು ಕರೆದೊಯ್ಯಲು ಬಿಡದಿದ್ದರೆ ಆಶ್ರಯಧಾಮದ ಯೋಚನೆಯನ್ನೇ ಮಾಡುವುದಿಲ್ಲ ಎಂದವರು ಅರ್ಧದಷ್ಟು ಜನ.

ಧಾಮದಲ್ಲಿ ಜಾಗ ಸಿಕ್ಕರೂ ಅದು ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು. ಆಮೇಲೆ ಬೇಕಾದದ್ದು ಬಾಡಿಗೆ ಮನೆ. ಅಲ್ಲಿ ಪ್ರಾಣಿಗೆಂದು ಪ್ರತ್ಯೇಕ ಅಡ್ವಾನ್ಸ್, ತಿಂಗಳ ಬಾಡಿಗೆಯ ಮೇಲೆ ಇನ್ನಷ್ಟು, ಇಂಥ ತಳಿಯ ನಾಯಿ ಬೇಡ ಎಂಬ ಷರತ್ತು. ಉಟ್ಟ ಬಟ್ಟೆಯಲ್ಲಿ ಹೊರಬಂದವಳ ಬಳಿ ಅಡ್ವಾನ್ಸಿಗೆ ದುಡ್ಡಿರುವುದಿಲ್ಲ, ನಾಯಿ ತನ್ನದೆಂದು ತೋರಿಸುವ ಕಾಗದವೂ ಎಷ್ಟೋ ಸಲ ಅವನ ಹೆಸರಿನಲ್ಲೇ ಇರುತ್ತದೆ. ಅದಕ್ಕೇ ಈಗ ಸಲಹೆಗಾರರು ಮನೆ ಬಿಡುವ ಮೊದಲೇ ಲಸಿಕೆ ಚೀಟಿ, ಲೈಸೆನ್ಸ್, ಮೈಕ್ರೋಚಿಪ್ ದಾಖಲೆಗಳನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ ಎನ್ನುತ್ತಾರೆ. 2018ರ ಕಾಯ್ದೆ ವಸತಿಯ ಮಾತನ್ನೂ ಎತ್ತಿರುವುದು ಅದರ ದೊಡ್ಡ ಗುಣ. ಎರಡು ಹೊರೆಗೂ ಒಂದೇ ಪುಟ್ಟ ಗಂಟು ಕೊಟ್ಟಿರುವುದು ಅದರ ದೊಡ್ಡ ಕೊರತೆ. ಆ ಕಾಯ್ದೆ ಅನುದಾನಕ್ಕೆ ಗೊತ್ತುಮಾಡಿದ್ದ ಐದು ವರ್ಷಗಳು 2023ಕ್ಕೆ ಮುಗಿದವು. ಬೀಗ ತೆಗೆದ ಧಾಮಗಳಲ್ಲಿ ಹೆಚ್ಚಿನವು ಇಂದಿಗೂ ನೆಚ್ಚಿಕೊಂಡಿರುವುದು ದಾನಿಗಳ ಹಣವನ್ನೇ.