ರಾಜಧನ (ಗಣಿಗಾರಿಕೆ)

ರಾಜಧನ ಎಂಬುದು ಭೂಮಿಯಿಂದ ಹೊರತೆಗೆದ ಖನಿಜ, ಕಚ್ಚಾ ತೈಲ ಅಥವಾ ನೈಸರ್ಗಿಕ ಅನಿಲಕ್ಕೆ ಪ್ರತಿಯಾಗಿ ಗುತ್ತಿಗೆದಾರರು ಆ ಸಂಪತ್ತಿನ ಒಡೆತನವುಳ್ಳವರಿಗೆ, ಭಾರತದಲ್ಲಿ ಬಹುಮಟ್ಟಿಗೆ ಸರ್ಕಾರಕ್ಕೆ, ಸಲ್ಲಿಸುವ ಹಣ. ಇದನ್ನು ಪ್ರತಿ ಟನ್ನಿಗೆ ಇಂತಿಷ್ಟು ರೂಪಾಯಿ ಎಂದು ಅಥವಾ ಬೆಲೆಯ ಶೇಕಡಾವಾರು ಭಾಗವಾಗಿ ಲೆಕ್ಕಹಾಕಲಾಗುತ್ತದೆ. ಲಾಭದ ಮೇಲಲ್ಲದೆ ಉತ್ಪಾದನೆಯ ಮೇಲೆ ವಿಧಿಸುವುದರಿಂದ, ನಷ್ಟದಲ್ಲಿರುವ ಗಣಿಯೂ ಇದನ್ನು ಪಾವತಿಸಬೇಕಾಗುತ್ತದೆ. ಹೂಡಿಕೆಯನ್ನು ಆಕರ್ಷಿಸಲು ರಾಜಧನವನ್ನು ಇಳಿಸಬೇಕೆ ಎಂಬ ಚರ್ಚೆಗೆ ಇದೇ ಮೂಲ.

ದರ ನಿಗದಿಯ ಅಧಿಕಾರ

1957ರ ಗಣಿ ಮತ್ತು ಖನಿಜ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆಯು ಪ್ರಮುಖ ಖನಿಜಗಳ ದರವನ್ನು ನಿಗದಿಪಡಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡಿದೆ. ಯಾವುದೇ ಖನಿಜದ ದರವನ್ನು ಮೂರು ವರ್ಷಗಳ ಅವಧಿಯಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಏರಿಸುವಂತಿಲ್ಲ. ಉಪಖನಿಜಗಳ ದರವನ್ನು ರಾಜ್ಯಗಳು ತಮ್ಮ ನಿಯಮಗಳ ಮೂಲಕ ನಿರ್ಧರಿಸುತ್ತವೆ. ಕರ್ನಾಟಕದಲ್ಲಿ ಇದಕ್ಕೆ 1994ರ ಉಪಖನಿಜ ರಿಯಾಯಿತಿ ನಿಯಮಗಳು ಅನ್ವಯಿಸುತ್ತವೆ.

ಬಾಗಲಕೋಟೆ ಜಿಲ್ಲೆಯಲ್ಲಿ ಈ ಎರಡೂ ಬಗೆಗಳನ್ನು ಕಾಣಬಹುದು. ಸಿಮೆಂಟ್ ತಯಾರಿಕೆಗೆ ಬಳಕೆಯಾಗುವ ಸುಣ್ಣದಕಲ್ಲು ಪ್ರಮುಖ ಖನಿಜ. 2014ರ ಪರಿಷ್ಕರಣೆಯಲ್ಲಿ ಸಾಮಾನ್ಯ ದರ್ಜೆಯ ಸುಣ್ಣದಕಲ್ಲಿಗೆ ಕೇಂದ್ರವು ಟನ್ನಿಗೆ 80 ರೂಪಾಯಿ ನಿಗದಿಪಡಿಸಿತು. ಹಣ ಸೇರುವುದು ರಾಜ್ಯದ ಬೊಕ್ಕಸಕ್ಕೆ. ಇಳಕಲ್ ಪರಿಸರದ ಕೆಂಪು ಗ್ರಾನೈಟ್ ಉಪಖನಿಜವಾದ್ದರಿಂದ ಅದರ ದರವೂ ವರಮಾನವೂ ರಾಜ್ಯಕ್ಕೇ ಸೇರಿವೆ. ಹೀಗಾಗಿ ಸುಣ್ಣದಕಲ್ಲಿನ ದರ ಇಳಿಸುವ ನಿರ್ಧಾರ ದೆಹಲಿಯದಾದರೂ ಅದರ ನಷ್ಟ ರಾಜ್ಯದ್ದಾಗುತ್ತದೆ.

ತೈಲ ಮತ್ತು ಅನಿಲ

ಸಮುದ್ರದಾಳದ ಸಂಪತ್ತು ಸಂವಿಧಾನದ 297ನೇ ವಿಧಿಯ ಪ್ರಕಾರ ಕೇಂದ್ರಕ್ಕೆ ಸೇರಿದೆ. ನೆಲದ ಮೇಲಿನ ತೈಲಬಾವಿಗಳ ರಾಜಧನವು ಅಸ್ಸಾಂ, ಗುಜರಾತ್, ರಾಜಸ್ಥಾನದಂತಹ ರಾಜ್ಯಗಳಿಗೆ ಸಲ್ಲುತ್ತದೆ. 2016ರ ಹೈಡ್ರೋಕಾರ್ಬನ್ ಅನ್ವೇಷಣೆ ಮತ್ತು ಪರವಾನಗಿ ನೀತಿಯು ಆಳವಿಲ್ಲದ ಸಮುದ್ರದಲ್ಲಿ ದರವನ್ನು ಶೇ. 10ರಿಂದ ಶೇ. 7.5ಕ್ಕೆ ಇಳಿಸಿತು. ಆಳ ಸಮುದ್ರದಲ್ಲಿ ಮೊದಲ ಏಳು ವರ್ಷ ವಿನಾಯಿತಿ ನೀಡಿ, ಬಳಿಕ ಶೇ. 5 ಎಂದು ಗೊತ್ತುಪಡಿಸಿತು. ನೆಲದ ಮೇಲಿನ ದರವನ್ನು ಮಾತ್ರ ರಾಜ್ಯಗಳ ವರಮಾನಕ್ಕೆ ಧಕ್ಕೆಯಾಗದಿರಲೆಂದು ಬದಲಿಸಲಿಲ್ಲ.

ಪರ ಮತ್ತು ವಿರೋಧ

ಅನ್ವೇಷಣೆಯಲ್ಲಿ ಬಂಡವಾಳ ಮುಳುಗುವ ಅಪಾಯ ಹೆಚ್ಚು. ದರ ಇಳಿಸಿದರೆ ಲಾಭದಾಯಕವಲ್ಲದ ನಿಕ್ಷೇಪಗಳೂ ಬಳಕೆಗೆ ಬರುತ್ತವೆ, ಉದ್ಯೋಗ ಹೆಚ್ಚುತ್ತದೆ, ಆಮದು ತಗ್ಗುತ್ತದೆ ಎಂಬುದು ರಿಯಾಯಿತಿಯ ಪರವಾದ ವಾದ. ಒಮ್ಮೆ ತೆಗೆದ ಖನಿಜ ಮತ್ತೆ ಹುಟ್ಟುವುದಿಲ್ಲ, ಆದ್ದರಿಂದ ರಾಜಧನವು ಪ್ರೋತ್ಸಾಹಕ್ಕಾಗಿ ಬಿಟ್ಟುಕೊಡಬಹುದಾದ ತೆರಿಗೆಯಲ್ಲ, ಸಾರ್ವಜನಿಕ ಆಸ್ತಿಯ ಬೆಲೆ ಎಂಬುದು ಎದುರು ವಾದ. ರಾಜಧನವು ತೆರಿಗೆಯಲ್ಲ ಎಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2024ರ ಜುಲೈ 25ರಂದು 8:1 ಬಹುಮತದಿಂದ ತೀರ್ಪು ನೀಡಿತು.

ದರ ಇಳಿಕೆಯ ಪರಿಣಾಮ ಗಣಿಬಾಧಿತ ಹಳ್ಳಿಗಳಿಗೂ ತಟ್ಟುತ್ತದೆ. ಕುಡಿಯುವ ನೀರು, ಆರೋಗ್ಯ, ಶಿಕ್ಷಣಗಳಿಗೆ ಹಣ ಒದಗಿಸುವ ಜಿಲ್ಲಾ ಖನಿಜ ಪ್ರತಿಷ್ಠಾನದ ವಂತಿಗೆಯನ್ನು ರಾಜಧನದ ಆಧಾರದ ಮೇಲೆಯೇ ಲೆಕ್ಕಹಾಕಲಾಗುತ್ತದೆ. 2015ರ ಜನವರಿ 12ಕ್ಕಿಂತ ಹಿಂದೆ ಮಂಜೂರಾದ ಪ್ರಮುಖ ಖನಿಜ ಗುತ್ತಿಗೆಗಳಿಗೆ ಅದು ರಾಜಧನದ ಶೇ. 30. ಉದಾಹರಣೆಗೆ, ಇಂತಹ ಗಣಿಯಲ್ಲಿ ಟನ್ನಿಗೆ 10 ರೂಪಾಯಿ ರಾಜಧನ ಇಳಿಸಿದರೆ ಪ್ರತಿಷ್ಠಾನಕ್ಕೂ 3 ರೂಪಾಯಿ ಕಡಿಮೆಯಾಗುತ್ತದೆ.

ಇವನ್ನೂ ನೋಡಿ

ಬಾಗಲಕೋಟೆ ಜಿಲ್ಲೆ
ಇಳಕಲ್
ಕರ್ನಾಟಕದಲ್ಲಿ ಗಣಿಗಾರಿಕೆ